ಹೆದ್ದಾರಿಯ ಪಶ್ಚಿಮಕ್ಕೆ ಗರಸಿನ ದಾರಿಗಳು

ಕೇಳುಗರಿಗೆ ನಮಸ್ಕಾರ.

ಪುಣೆಯಲ್ಲಿರುವ ಕನ್ನಡಿಗರಿಗೆ ಬೆಂಗಳೂರು ಹೆದ್ದಾರಿ ಎಂದರೆ ತವರಿನ ದಾರಿ. ರಾತ್ರಿ ಸ್ವಾರಗೇಟಿನಲ್ಲಿ ಬಸ್ ಹತ್ತಿ, ಕಾತ್ರಜ್ ದಾಟುವಷ್ಟರಲ್ಲಿ ಹೊದಿಕೆ ಎಳೆದುಕೊಂಡರೆ ಕಣ್ಣು ಬಿಡುವುದು ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ. ಹೀಗಾಗಿ ಬಲಗಡೆಯ ಕಿಟಕಿಯಾಚೆ ಏನಿದೆ ಎಂಬುದು ಬಹಳ ವರ್ಷಗಳಿಂದ ಇಲ್ಲಿ ನೆಲೆಸಿದವರಿಗೂ ಗೊತ್ತಿರುವುದಿಲ್ಲ. ಅಲ್ಲಿ ಸಹ್ಯಾದ್ರಿಯ ಕವಲು ಬೆಟ್ಟಗಳಿವೆ. ಅವುಗಳ ಸಂದಿಯಲ್ಲಿ ಮೋಸೆ, ಅಂಬಿ, ಮುಠಾ, ಕಾನಂದ, ಗುಂಜವಣಿ, ವೇಳವಂಡಿ, ನೀರಾ ಹೊಳೆಗಳಿವೆ. ಆ ಹೊಳೆಗಳ ದಂಡೆಗುಂಟ ಗರಸಿನ ದಾರಿಯಲ್ಲಿ, ಅಂದರೆ ಡಾಂಬರಿಲ್ಲದ ಸಣ್ಣ ಹರಳಿನ ದಾರಿಯಲ್ಲಿ, ಸೈಕಲ್ ತುಳಿಯುವ ವಿಚಾರವಾಗಿ ಇಂದು ನಾಲ್ಕು ಮಾತು.

ಇದಕ್ಕೆಂದೇ ಈಗ ಗ್ರ್ಯಾವೆಲ್ ಸೈಕಲ್ ಎಂಬ ಬಗೆ ಬಂದಿದೆ. ನೋಡುವುದಕ್ಕೆ ಪಂದ್ಯದ ಸೈಕಲ್ಲಿನಂತೆ ಬಾಗಿದ ಹಿಡಿ. ಆದರೆ ಟೈರು 38ರಿಂದ 45 ಮಿಲಿಮೀಟರ್ ಅಗಲ, ಡಿಸ್ಕ್ ಬ್ರೇಕು, ಕಡಿದಾದ ಏರಿಗೆ ತಗ್ಗಿನ ಗೇರು. ಬೆಲೆ ಮಾತ್ರ ತಗ್ಗಿನದಲ್ಲ. ಮನೆಯಲ್ಲಿ ದಪ್ಪ ಟೈರಿನ ಯಾವುದಾದರೂ ಗಟ್ಟಿ ಸೈಕಲ್ ಇದ್ದರೆ ಅಷ್ಟು ಸಾಕು, ಸಾಲ ಮಾಡುವ ಅಗತ್ಯವಿಲ್ಲ.

ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ ನಾನು ಪಾಬೆ ಘಾಟ್ ಎನ್ನುತ್ತೇನೆ. 1879ರಲ್ಲಿ ಮುಗಿದ ಖಡಕ್‌ವಾಸ್ಲಾ ಅಣೆಕಟ್ಟನ್ನು ದಾಟಿ, ಸಿಂಹಗಡಕ್ಕೆ ಹೋಗುವ ಜನಜಂಗುಳಿಯನ್ನು ಎಡಕ್ಕೆ ಬಿಟ್ಟು ಮುಂದೆ ಹೋದರೆ ಖಾನಾಪುರ ಸಿಗುತ್ತದೆ. ಬೆಳಗಾವಿಯವರು ಹಿಗ್ಗಬೇಕಾಗಿಲ್ಲ, ಇದು ಬೇರೆ ಖಾನಾಪುರ. ಅಲ್ಲಿಂದ ರಾಂಜಣೆ ಹಳ್ಳಿಯ ಮೇಲೆ ಹಾದು ಘಾಟ್ ಹತ್ತಬೇಕು. ಏರು ಕಡಿದು, ತೊಡೆ ಉರಿಯುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ನೆತ್ತಿಗೆ ಬಂದಾಗ ಎದುರಿಗೆ ತೋರಣಾ ಮತ್ತು ರಾಜಗಡ ಎರಡೂ ಕೋಟೆಗಳು ಒಟ್ಟಿಗೆ ಕಾಣುತ್ತವೆ. ತೋರಣಾ ಕೋಟೆಯದು 1,400 ಮೀಟರ್ ಎತ್ತರ. ರಾಜಗಡವಂತೂ ರಾಯಗಡಕ್ಕಿಂತ ಮೊದಲು ಶಿವಾಜಿಯ ರಾಜಧಾನಿಯಾಗಿದ್ದುದು.

ಕೋಟೆಗಳಿಗಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಆ ಕಣಿವೆಯ ನೀರಿನ ಲೆಕ್ಕ. ಘಾಟಿನ ಬಡಗು ಮಗ್ಗುಲಿಗೆ ಬಿದ್ದ ಮಳೆ ಮುಠೆಗೆ ಸೇರಿ, ಪುಣೆ ಊರೊಳಗೆ ಹಾದು, ಭೀಮೆಗೆ ಬೀಳುತ್ತದೆ. ಉಜನಿ ಜಲಾಶಯದಲ್ಲಿ ತಂಗಿ ಮುಂದೆ ಸಾಗುತ್ತದೆ. ತೆಂಕು ಮಗ್ಗುಲಿಗೆ ಬಿದ್ದದ್ದು ಕಾನಂದ, ಗುಂಜವಣಿಗಳ ಮೂಲಕ ನೀರಾ ಹೊಳೆಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳು ಹೀಗೆ ಅಗಲಿ, ಮತ್ತೆ ಕೂಡುವುದು ದೂರದ ನೀರಾ ನರಸಿಂಗಪುರದಲ್ಲಿ. ಅಲ್ಲಿಂದ ಪಂಢರಪುರ, ಆಮೇಲೆ ನಮ್ಮ ವಿಜಯಪುರದ ಸೀಮೆ, ಗಾಣಗಾಪುರ. ಇಂಡಿ, ಅಫಜಲಪುರ ಕಡೆಯಿಂದ ಪುಣೆಗೆ ಗಾರೆ ಕೆಲಸಕ್ಕೆ ಬಂದವರಿಗೆ ಊರಿನಲ್ಲಿ ಸಿಗುವ ಹೊಳೆಯ ನೀರಿನಲ್ಲಿ ಈ ಬೆಟ್ಟಗಳ ಪಾಲೂ ಇದೆ.

ಘಾಟಿನ ದಾರಿಗೆ ಡಾಂಬರಿದೆ. ಗರಸು ಸಿಗುವುದು ಅದರಿಂದ ಕವಲೊಡೆದು ಹಳ್ಳಿಗಳಿಗೆ, ಗದ್ದೆಗಳಿಗೆ, ದನ ಕುರಿ ಕಾಯುವ ಧನಗರರ ವಾಡಿಗಳಿಗೆ ಹೋಗುವ ದಾರಿಗಳಲ್ಲಿ. ಇಲ್ಲಿನ ನೆಲವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ಕಪ್ಪುಶಿಲೆ. ದಾರಿಗೆಂದು ಗುಡ್ಡ ಕಡಿದಲ್ಲಿ ನಿಂತು ನೋಡಿ: ನಡುವೆ ಗಟ್ಟಿ ಗುಂಡು, ಸುತ್ತ ಈರುಳ್ಳಿಯ ಹಾಗೆ ಸುಲಿದುಕೊಳ್ಳುವ ಸಿಪ್ಪೆಗಳು. ಬೆರಳಿನಿಂದ ಒತ್ತಿದರೆ ಪುಡಿಯಾಗುವ ಆ ಸಿಪ್ಪೆಯೇ ಗರಸು. ದಾರಿಗೆ ಹಾಸಿ ನೀರು ಹೊಡೆದು ಕುಟ್ಟಿದರೆ ಚೆನ್ನಾಗಿ ಕೂರುತ್ತದೆ. ಆದರೆ ಟ್ರ್ಯಾಕ್ಟರ್ ಓಡಾಡಿದ ಮೇಲೆ ಗಟ್ಟಿ ತಳದ ಮೇಲೆ ಬಟಾಣಿ ಗಾತ್ರದ ಹರಳು ಸಡಿಲವಾಗಿ ಉಳಿಯುತ್ತದೆ. ಹೊಸಬರು ಜಾರುವುದು ಇಲ್ಲಿಯೇ. ಇಳಿಜಾರಿನ ತಿರುವಿನಲ್ಲಿ ಗಾಬರಿಯಾಗಿ ಮುಂದಿನ ಬ್ರೇಕು ಅದುಮಿದರೆ ಚಕ್ರ ಕೇಳುವುದಿಲ್ಲ. ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನೊಳಗೆ ಬ್ರೇಕು ಮುಟ್ಟಬಾರದು, ಕಣ್ಣು ಕಲ್ಲಿನ ಮೇಲಲ್ಲ, ಹೋಗಬೇಕಾದ ಕಡೆಗಿರಬೇಕು. ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಇದ್ದಲ್ಲೇ ಸುತ್ತುತ್ತದೆ, ಕುಳಿತೇ ತುಳಿಯಿರಿ. ಗಾಳಿಯನ್ನು ಡಾಂಬರಿಗಿಂತ ಕಡಿಮೆ ಇಡಿ. ಸೈಕಲ್ ಅಂಗಡಿಯ ಹುಡುಗ ಕಲ್ಲಿನಂತೆ ಬಿಗಿಯಾಗಿ ತುಂಬಲು ಬರುತ್ತಾನೆ, ತಡೆಯಿರಿ.

ಪಾನ್‌ಶೇತ್ ಕಡೆಯ ದಾರಿಯ ಗುಣವೇ ಬೇರೆ. ಅಂಬಿ ಹೊಳೆಗೆ ಕಟ್ಟುತ್ತಿದ್ದ ಆ ಅಣೆಕಟ್ಟು 1961ರ ಜುಲೈ 12ರಂದು ಒಡೆದು, ಕೆಳಗಿನ ಖಡಕ್‌ವಾಸ್ಲಾವೂ ಕುಸಿದು, ಪುಣೆಯ ನದಿದಂಡೆಯ ಪೇಠೆಗಳೆಲ್ಲ ಮುಳುಗಿದ್ದನ್ನು ಹಳೆಯ ಪುಣೇಕರರು ಇಂದಿಗೂ ಹೇಳುತ್ತಾರೆ. ಈಗಿನದು ಆಮೇಲೆ ಕಟ್ಟಿದ್ದು. ಹಿನ್ನೀರಿನ ಅಂಚಿನಲ್ಲಿ ಘೋಲ್ ಹಳ್ಳಿಯ ಕಡೆಗೆ ಹೋಗುವಾಗ ನೀರು ಪ್ರತಿ ಕಣಿವೆಯೊಳಗೂ ಬೆರಳು ಚಾಚಿರುತ್ತದೆ. ಎದುರು ದಡದ ಮನೆಯ ಮುಂದೆ ಒಣಹಾಕಿದ ಸೀರೆಯ ಬಣ್ಣ ಕಾಣುತ್ತದೆ, ಆದರೆ ಅಲ್ಲಿಗೆ ತಲುಪಬೇಕಾದರೆ ಗುಡ್ಡದ ಮಗ್ಗುಲು ಸುತ್ತಿ ಸುತ್ತಿ ತುಳಿಯಬೇಕು. ಸವಾರನಿಗೆ ಇದು ಮೋಜು. ಮೊದಲು ಹೊಳೆ ದಾಟಿ ಹತ್ತು ನಿಮಿಷಕ್ಕೆ ನೆಂಟರ ಮನೆ ಸೇರುತ್ತಿದ್ದವರಿಗೆ ಹಾಗಲ್ಲ. ಇದರ ಬಡಗಲಿಗಿರುವ ಮುಳಶಿಯಲ್ಲಿ ಟಾಟಾ ಅಣೆಕಟ್ಟಿನ ವಿರುದ್ಧ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರ ನೇತೃತ್ವದಲ್ಲಿ 1921ರಲ್ಲೇ ರೈತರು ಸತ್ಯಾಗ್ರಹ ಹೂಡಿದ್ದರು. ಪೂರ್ವಕ್ಕೆ ಹರಿಯಬೇಕಿದ್ದ ಅಲ್ಲಿನ ನೀರನ್ನು ಇಂದಿಗೂ ಪಶ್ಚಿಮಕ್ಕೆ ತಿರುಗಿಸಿ, ಕೊಂಕಣದ ಭಿರಾದಲ್ಲಿ ವಿದ್ಯುತ್ತಿಗಾಗಿ ಬೀಳಿಸುತ್ತಾರೆ.

ಹೊತ್ತು ಯಾವುದು? ಮಳೆಗಾಲದಲ್ಲಿ ಚಿತ್ರ ತೆಗೆಯುವವರು ಹೋಗಲಿ, ಗರಸಿನವರು ಮನೆಯಲ್ಲಿರಲಿ. ಗದ್ದೆಯ ಕೆಸರು ಟೈರಿಗೂ ಚೌಕಟ್ಟಿಗೂ ನಡುವೆ ಕಚ್ಚಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ದಸರೆಯಿಂದ ಶಿವರಾತ್ರಿಯವರೆಗೆ ಹೇಳಿ ಮಾಡಿಸಿದ ಕಾಲ. ಬೇಸಿಗೆಯಲ್ಲಿ ಬಿಸಿಲು ತಾಳುವವರಿಗೆ ಭೋರ್ ತಾಲ್ಲೂಕಿನ ಭಾಟಘರ್ ಹಿನ್ನೀರು. ವೇಳವಂಡಿ ಹೊಳೆಯ ಈ ಜಲಾಶಯ ತಗ್ಗಿದಾಗ, ವರ್ಷದ ಬಹುಪಾಲು ನೀರಿನಲ್ಲಿರುವ ಕಾಂಬರೇಶ್ವರ ದೇವಸ್ಥಾನ ಮೇಲೆದ್ದು ಕಾಣುತ್ತದೆ. ಬಿರುಕು ಬಿಟ್ಟು ಒಣಗಿದಂತೆ ತೋರುವ ಕೆರೆಯಂಗಳದ ಮೇಲೆ ಮಾತ್ರ ಸೈಕಲ್ ಇಳಿಸಬೇಡಿ. ಮೇಲೆ ಹೆಂಚು, ಒಳಗೆ ಹಸಿ ಹೂಳು.

ಮೊಬೈಲಿನ ನಕ್ಷೆಯನ್ನು ಪೂರ್ತಿ ನಂಬಬೇಡಿ. ಅದಕ್ಕೆ ಕಾಲುದಾರಿಯೂ ಗೆರೆ, ಗಾಡಿದಾರಿಯೂ ಗೆರೆ. ಹಳ್ಳಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಮುಂದೆ ಟ್ರ್ಯಾಕ್ಟರ್ ಹೋಗುತ್ತದೆಯೇ ಎಂದು ಕೇಳಿ. ಹೋಗುತ್ತದೆ ಎಂದರೆ ನೀವೂ ಹೋಗಬಹುದು. ಹರಕು ಮರಾಠಿಯಾದರೂ ನಡೆಯುತ್ತದೆ. ವಾಡಿಯ ನಾಯಿಗಳು ಅಟ್ಟಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ, ಇಳಿದು ಅದನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಊಟಕ್ಕೆ ತೋರಣಾ ಕೋಟೆಯ ಬುಡದ ವೆಲ್ಹೆಯಲ್ಲಿ ಪಿಠಲೆ, ಭಾಕರಿ, ಠೇಚಾ. ನಮ್ಮ ಕಡೆಯ ಜುಣಕ ರೊಟ್ಟಿಗೆ ಒಗ್ಗಿದ ಹೊಟ್ಟೆಗೆ ಯಾವ ತಕರಾರೂ ಇರದು.

ರಸ್ತೆ ಹಾಳಾಗಿದೆ ಎಂದು ಕೇಳಿ ಮುಖ ಅರಳಿಸುವವರು ಲೋಕದಲ್ಲಿ ನಾವು ಗರಸಿನವರು ಮಾತ್ರವೇನೋ. ಹೋದ ಚಳಿಗಾಲ ಕೆಂಧೂಳೆಬ್ಬಿಸಿ ತುಳಿದ ದಾರಿಗೆ ಈ ಸಲ ಡಾಂಬರು ಬಿದ್ದಿದ್ದರೆ ನಮ್ಮಲ್ಲಿ ಕೆಲವರು ಸೂತಕದಲ್ಲಿರುವವರಂತೆ ನಿಟ್ಟುಸಿರು ಬಿಡುತ್ತಾರೆ. ಅದೇ ದಾರಿಯಲ್ಲಿ ನಸುಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬರುವವನಿಗೆ, ಹೆರಿಗೆಗೆಂದು ಜೀಪಿನಲ್ಲಿ ಕುಲುಕಾಡುತ್ತ ಬರುವವಳಿಗೆ ಆ ಡಾಂಬರು ಎಷ್ಟೋ ವರ್ಷ ಕೇಳಿ ಪಡೆದ ವರ. ನಿಟ್ಟುಸಿರು ಬಿಡುವ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಗುಡ್ಡದಲ್ಲಿ ಗರಸಿಗೇನೂ ಬರವಿಲ್ಲ, ಮುಂದಿನ ಕವಲು ಹುಡುಕಿರಿ.

ಕಾರ್ತಿಕದಲ್ಲಿ ಹೋಗುವವರು ಇನ್ನೊಂದು ವಿಷಯ ಗಮನಿಸಬೇಕು. ಆಗ ಭತ್ತದ ಕೊಯ್ಲು. ಹೊಸ ಡಾಂಬರಿನ ಮೇಲೆಯೇ ಭತ್ತ ಹರವಿರುತ್ತಾರೆ. ಅಂಚಿನಲ್ಲಿ ಜಾಗವಿಲ್ಲದಿದ್ದರೆ ಇಳಿದು, ಸೈಕಲ್ ಎತ್ತಿಕೊಂಡು, ಪಕ್ಕದ ಗದ್ದೆಯ ಬದುವಿನ ಮೇಲೆ ದಾಟಿ ಹೋಗಿ.

ನಮಸ್ಕಾರ.