ಬೋಟಿಗೆ ಪಾರ್ಕಿಂಗ್ ಸಿಕ್ತು, ಇಂಜಿನ್ ಕೈಕೊಡ್ತು | ಕೊಚ್ಚಿ ಮರೀನಾ ವ್ಲಾಗ್

ಹಾಂ, ಇದೇ ನೋಡಿ ಕೊಚ್ಚಿ. ಎಡಗಡೆ ಕಾಣ್ತಿರೋದು ವೈಪಿನ್, ಬಲಗಡೆ ಫೋರ್ಟ್ ಕೊಚ್ಚಿ, ಆ ದೊಡ್ಡ ದೊಡ್ಡ ಕೋಲು ಕಟ್ಟಿರೋದು ಚೀನೀ ಬಲೆ, ಎಲ್ಲರೂ ನೋಡಿರ್ತೀರ ಫೋಟೋದಲ್ಲಿ. ಆದ್ರೆ ಎಲ್ಲರೂ ದಡದಲ್ಲಿ ನಿಂತು ನೋಡಿರೋದು, ನಾವು ಸಮುದ್ರದ ಕಡೆಯಿಂದ ಒಳಗೆ ಬರ್ತಾ ಇದೀವಿ, ಅದಕ್ಕೇ ಬಲೆಗಳು ಉಲ್ಟಾ ಕಾಣ್ತಿರೋದು.

ಮೊದಲೇ ಹೇಳ್ಬಿಡ್ತೀನಿ, ಬೋಟಲ್ಲಿ ರೆಕಾರ್ಡ್ ಮಾಡಿದ್ದ ಆಡಿಯೋ ಪೂರ್ತಿ ಗಾಳಿ ಸೌಂಡು, ಒಂದಕ್ಷರ ಕೇಳಲ್ಲ. ಅದಕ್ಕೆ ಈಗ ಬೆಂಗಳೂರಲ್ಲಿ, ವಿಜಯನಗರದ ಮನೇಲಿ ರೂಮ್ ಬಾಗಿಲು ಹಾಕ್ಕೊಂಡು ವಾಯ್ಸ್ ಕೊಡ್ತಿದೀನಿ. ಪಕ್ಕದ ಸೈಟಲ್ಲಿ ಬೋರ್ ಕೊರೀತಿದಾರೆ, ಮಧ್ಯೆ ಏನಾದ್ರೂ ಗುಂಯ್ ಅಂದ್ರೆ ಅದು ನಮ್ಮ ಇಂಜಿನ್ ಅಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ.

ಬೋಟ್ ನಮ್ದಲ್ಲ ಅಂತ ಹೋದ ವಿಡಿಯೋದಲ್ಲೂ ಹೇಳಿದ್ದೆ, ಆದ್ರೂ ಕಾಮೆಂಟಲ್ಲಿ "ಮೇಡಂ ಇಎಂಐ ಎಷ್ಟು" ಅಂತ ಕೇಳಿದೀರ. ನಮ್ಮ ಯಜಮಾನ್ರ ಸೋದರಮಾವಂದು. ಮಂಗಳೂರಿನವರು, ಮರ್ಚೆಂಟ್ ನೇವೀಲಿ ಚೀಫ್ ಇಂಜಿನಿಯರ್ ಆಗಿದ್ರು, ರಿಟೈರ್ ಆದ್ಮೇಲೆ ಎಲ್ಲರೂ ತೋಟ ತಗೊಂಡ್ರೆ ಇವರು ಹಳೇ ಹಾಯಿ ಬೋಟ್ ತಗೊಂಡ್ರು. 32 ಅಡಿ ಉದ್ದ, 10 ಅಡಿ ಅಗಲ, ಅಂದ್ರೆ ಒಂದು ಟ್ವೆಂಟಿ-ಥರ್ಟಿ ಸೈಟಿನ ಅರ್ಧಕ್ಕಿಂತ ಚೂರು ಜಾಸ್ತಿ, ಅದರಲ್ಲೇ ಅಡುಗೆಮನೆ, ಬಾತ್‌ರೂಮು, ಮೂರು ಜನ, ಮತ್ತೆ ಮಾವನ ಗೊರಕೆ.

ಮಂಗಳೂರಿಂದ ಇಲ್ಲಿಗೆ ಇನ್ನೂರು ನಾಟಿಕಲ್ ಮೈಲಿ ಹತ್ತಿರ. ಐದು ನಾಟ್ ಹೋದ್ರೆ ಒಳ್ಳೆ ಸ್ಪೀಡ್ ಅಂತೆ. ಐದು ನಾಟ್ ಅಂದ್ರೆ ಗಂಟೆಗೆ ಒಂಬತ್ತು ಕಿಲೋಮೀಟರ್ ಚಿಲ್ಲರೆ, ಸಿಲ್ಕ್ ಬೋರ್ಡಲ್ಲಿ ಸಾಯಂಕಾಲ ಹೋಗೋ ಸ್ಪೀಡು, ನಂಗೇನೂ ಹೊಸದನ್ಸಲಿಲ್ಲ. ಟ್ರೈನಲ್ಲಿ ಒಂದು ರಾತ್ರೀಲಿ ಮುಗಿಯೋದು. ನವೆಂಬರ್ ಆದ್ಮೇಲೆ ಈ ಕಡೆ ಒಂದು ಅನುಕೂಲ ಇದೆ, ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬರತ್ತೆ, ರಾತ್ರಿ ದಡದ ಕಡೆಯಿಂದ ಬರತ್ತೆ, ಎರಡೂ ಹೊತ್ತು ಹಾಯಿಗೆ ಏನೋ ಒಂದು ಸಿಗತ್ತೆ. ರಾತ್ರಿ ಮಾತ್ರ ಮೀನು ಬಲೆ ಭಯ. ಚಿಕ್ಕ ಮಿಣುಕು ದೀಪ ಒಂದು ಕಟ್ಟಿರ್ತಾರೆ, ಬಲೆ ಎಲ್ಲಿಂದ ಎಲ್ಲೀವರೆಗೆ ಅಂತ ದೇವರಿಗೇ ಗೊತ್ತು.

ಸರಿ ಇಲ್ಲಿಂದ ಕ್ಯಾಮೆರಾ ಆಫ್. ನೇವಿ ಏರಿಯಾ, ಶೂಟ್ ಮಾಡಂಗಿಲ್ಲ.

ಆನ್ ಆದ್ಮೇಲೆ ನೀರಿನ ಮೇಲೆ ಹಸಿರು ಹಸಿರಾಗಿ ಏನು ಕಾಣ್ತಿದೆ ನೋಡಿ. ಅಂತರಗಂಗೆ. ನಾನು ಫಸ್ಟ್ ನೋಡಿದಾಗ ಸಖತ್ ಖುಷಿಯಾಯ್ತು, ನೇರಳೆ ಹೂವು ಬೇರೆ ಬಿಟ್ಟಿತ್ತು, "ಅಯ್ಯೋ ನಮ್ಮ ಬೆಂಗಳೂರು ಕೆರೆ ಗಿಡ" ಅಂತ ಕೂಗಿದೆ. ಸೌತ್ ಅಮೆರಿಕದಿಂದ ಬಂದಿದ್ದು, ಕೊಳಚೆ ಇದ್ದಷ್ಟೂ ಚೆನ್ನಾಗಿ ಬೆಳೆಯತ್ತೆ, ಅದಕ್ಕೇ ನಮ್ಮೂರಿಗೆ ಅಷ್ಟು ಒಗ್ಗಿರೋದು. ಇಲ್ಲಿ ಏನಾಗತ್ತೆ ಅಂದ್ರೆ ವೆಂಬನಾಡ್ ಕಾಯಲಲ್ಲಿ, ಅಂದ್ರೆ ಹಿನ್ನೀರಲ್ಲಿ, ಸಿಹಿನೀರಿರೋ ಕಡೆ ಬೆಳೆದು ಮಳೆ ನೀರಿನ ಜೊತೆ ಕೊಚ್ಚಿ ಕಡೆ ತೇಲ್ಕೊಂಡು ಬರತ್ತೆ, ಉಪ್ಪುನೀರು ಜಾಸ್ತಿ ಆದ್ಮೇಲೆ ಸಾಯತ್ತೆ. ಸಾಯೋ ಮುಂಚೆ ನಮ್ಮ ಇಂಜಿನ್ನನ್ನ ಜೊತೆಗೆ ಕರ್ಕೊಂಡು ಹೋಗತ್ತೆ.

ಇಂಜಿನ್ ಬಿಸಿಯಾದ ಅಲಾರಂ ಬರೋಕೆ ಮುಂಚೆನೇ ಮಾವ ಕಂಡುಹಿಡಿದ್ರು. ಸುಮ್ನೆ ಚಾ ಕುಡೀತಾ ಇದ್ದವರು ಲೋಟ ಇಟ್ಟು ಹಿಂದಕ್ಕೆ ಬಗ್ಗಿ ನೋಡಿ, "ಎಂತ ಮಾರಾಯ್ತಿ, ನೀರು ಬೀಳುದಿಲ್ಲ!" ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಸುತ್ತ ನೀರೇ ಇದೆ. ಅವರು ಹೇಳಿದ್ದು ಸೈಲೆನ್ಸರ್ ನೀರು. ಬೋಟ್ ಇಂಜಿನ್ ತಣ್ಣಗಿರೋದು ಹೊರಗಿನ ನೀರಿಂದ. ತಳದಲ್ಲಿ ಒಂದು ತೂತು, ಅಲ್ಲಿಂದ ಪಂಪ್ ನೀರು ಎಳೆದು, ಇಂಜಿನ್ ಬಿಸಿ ತಗೊಂಡು, ಹೊಗೆ ಜೊತೆ ಹಿಂದಕ್ಕೆ ಪಚಕ್ ಪಚಕ್ ಅಂತ ಉಗಿಬೇಕು. ಆ ಪಚಕ್ ನಿಂತು ಬರೀ ಒಣ ಹೊಗೆ ಬರ್ತಿತ್ತು. ತೂತಿಗೆ ಬೇರು, ಎಲೆ, ಮೇಲಿಂದ ಒಂದು ಪ್ಲಾಸ್ಟಿಕ್ ಕವರ್ರು, ಮೂರೂ ಸೇರಿ ಬಿರಡೆ ಹಾಕಿತ್ತು.

ಇಂಜಿನ್ ಆಫ್, ಮುಂದಿನ ಹಾಯಿ ಬಿಚ್ಚಿ ಹಡಗು ಹೋಗೋ ದಾರಿಯಿಂದ ಪಕ್ಕಕ್ಕೆ ಸರಿದು ಲಂಗರು ಹಾಕಿದ್ವಿ. ಈ ಭಾಗ ಶೂಟ್ ಆಗಿಲ್ಲ, ಕ್ಯಾಮೆರಾ ಹಿಡ್ಕೊಂಡಿದ್ರೆ ಯಜಮಾನ್ರು ನನ್ನನ್ನ ನೀರಿಗೆ ಎಸೀತಿದ್ರು. ಆಮೇಲೆ ಒಬ್ರು ಮೀನುಗಾರರು ಚಿಕ್ಕ ಫೈಬರ್ ದೋಣೀಲಿ ಬಂದ್ರು, ಎಳ್ಕೊಂಡು ಹೋಗಕ್ಕೆ 1,500 ಕೇಳಿದ್ರು, ಮಾವ ಮಲಯಾಳಂನಲ್ಲಿ ಏನೋ ಹೇಳಿದ್ರು, ಅವರು ನಕ್ಕು 800ಕ್ಕೆ ಒಪ್ಪಿದ್ರು. ಏನ್ ಹೇಳಿದ್ರಿ ಮಾವ ಅಂದ್ರೆ ಇವತ್ತಿಗೂ ಹೇಳ್ತಿಲ್ಲ.

ಇದು ಬೋಲ್ಗಟ್ಟಿ. ಡಚ್ಚರು 1744ರಲ್ಲಿ ಕಟ್ಟಿದ ಅರಮನೆ ಇರೋ ದ್ವೀಪ, ಈಗ ಕೇರಳ ಟೂರಿಸಂ ಡೆವಲಪ್‌ಮೆಂಟ್ ಕಾರ್ಪೊರೇಷನ್‌ದು ಹೋಟೆಲ್ಲು, ಮರೀನಾ ಎರಡೂ ಇಲ್ಲೇ. ಮರೀನಾ ಅಂದ್ರೆ ಚೆನ್ನೈ ಬೀಚಾ ಅಂತ ನಮ್ಮಮ್ಮ ಕೇಳಿದ್ರು. ಅಲ್ಲ, ಬೋಟ್ ನಿಲ್ಸೋ ಜಾಗ. ನೀರು ಏರಿದ್ರೆ ಏರತ್ತೆ ಇಳಿದ್ರೆ ಇಳಿಯತ್ತೆ ಆ ತೇಲೋ ಕಟ್ಟೆ, ಅದಕ್ಕೆ ಹಗ್ಗ ಕಟ್ಟಿ, ಕರೆಂಟ್ ವೈರ್ ಚುಚ್ಚಿ, ನಲ್ಲಿಗೆ ಪೈಪ್ ಹಾಕಿದ್ರೆ ಮುಗೀತು, ಮನೆ. ಸಾಮಾನ್ಯವಾಗಿ ಮರೀನಾಗಳಲ್ಲಿ ಬಾಡಿಗೆ ಬೋಟಿನ ಉದ್ದದ ಲೆಕ್ಕ, ದಿನಕ್ಕಿಷ್ಟು ಅಂತ. ಹತ್ತು ತಿಂಗಳ ಅಡ್ವಾನ್ಸ್ ಕೇಳಲ್ಲ, ಬಿಡೋವಾಗ ಪೇಂಟಿಂಗ್ ಚಾರ್ಜ್ ಹಿಡ್ಕೊಳ್ಳಲ್ಲ, ಅಷ್ಟಕ್ಕೇ ನಂಗೆ ಇಷ್ಟ ಆಯ್ತು.

ನೋಡಿ ಇಲ್ಲಿ ನಾನು ಪೈಪ್ ಹಿಡ್ಕೊಂಡು ಬೋಟ್ ತೊಳೀತಿದೀನಿ. ಉಪ್ಪು ಎಷ್ಟು ಕೂತಿರತ್ತೆ ಅಂದ್ರೆ ಹಗ್ಗ ಮುಟ್ಟಿದ್ರೆ ಕೈ ಬೆಳ್ಳಗಾಗತ್ತೆ, ಸ್ಟೀಲ್ ಮೇಲೆ ಕಂದು ಚುಕ್ಕೆ ಶುರುವಾಗಿರತ್ತೆ, ಸಿಹಿನೀರು ಹಾಕಿ ತೊಳೀಲೇಬೇಕು. ಆದ್ರೆ ಕೈ ನಡುಗ್ತಿತ್ತು ಕಣ್ರೀ. 2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆರ್ಡರ್ ಮಾಡಿದ್ದು ನೆನಪಿದ್ಯಲ್ಲ, ಆ ಬೇಸಿಗೇಲಿ ನಾವು ಟ್ಯಾಂಕರ್‌ಗೆ ಕಾದು ಕಾದು ಬಕೆಟ್ ಲೆಕ್ಕದಲ್ಲಿ ಬದುಕಿದೋರು. ಆ ಟ್ರೈನಿಂಗು ಬೋಟಲ್ಲಿ ಭಾಳ ಉಪಯೋಗಕ್ಕೆ ಬಂತು. ಇದರಲ್ಲಿ ಇರೋದೇ 200 ಲೀಟರ್ ಟ್ಯಾಂಕು. ಪಾತ್ರೆ ಮೊದಲು ಸಮುದ್ರದ ನೀರಲ್ಲಿ ಉಜ್ಜಿ ಕೊನೇಲಿ ಒಂದೇ ಒಂದು ಚೊಂಬು ಸಿಹಿನೀರು, ಅನ್ನಕ್ಕೆ ಅಕ್ಕಿ ತೊಳೆದ ನೀರು ಬೇಳೆ ತೊಳೆಯಕ್ಕೆ. ಮಾವನಿಗೆ ನನ್ನ ಮೇಲೆ ಗೌರವ ಬಂದಿದ್ದು ಇದೊಂದೇ ವಿಷಯಕ್ಕೆ.

ಸ್ನಾನದ ವಿಷಯಕ್ಕೆ ಮಾತ್ರ ಜಗಳ. ಮಾವನ ದೇವರು ಅಭಿಲಾಷ್ ಟಾಮಿ. ನೇವಿ ಆಫೀಸರ್ ಆಗಿದ್ದಾಗ 2012ರ ನವೆಂಬರ್ 1ಕ್ಕೆ ಮುಂಬೈ ಬಿಟ್ಟು, ಒಬ್ರೇ, ಎಲ್ಲೂ ನಿಲ್ಲಿಸದೆ, ಹಾಯಿಲೇ ಪ್ರಪಂಚ ಸುತ್ತಿ 2013ರ ಮಾರ್ಚ್ 31ಕ್ಕೆ ವಾಪಸ್ ಮುಂಬೈಗೇ ಬಂದ್ರಲ್ಲ, ಅವರು. ಅವರು ಹೋಗಿದ್ದ ಮಾದೇಯಿ ಅನ್ನೋ ಬೋಟನ್ನ ಗೋವಾದಲ್ಲೇ ಕಟ್ಟಿದ್ದು. "ಅವರು ಐದು ತಿಂಗಳು ಎಲ್ಲಿಯೂ ನಿಲ್ಲಲಿಲ್ಲ, ನಿನಗೆ ಎರಡು ದಿವಸಕ್ಕೆ ಬಿಸಿನೀರು ಬೇಕಾ ಮಾರಾಯ್ತಿ" ಅಂತ ಶುರು ಮಾಡಿದ್ರು. ಮಾವ, ಅವರ ಬೋಟಲ್ಲಿ ನಿಮ್ಮ ಬನಿಯನ್ ಒಣಗ್ತಿರಲಿಲ್ಲ, ಅಂದೆ. ಸುಮ್ಮನಾದ್ರು.

ಅಯ್ಯೋ ಶಾಟ್ ಮುಗೀತು, ಇಂಜಿನ್‌ಗೆ ಬರೋಣ.

ಇದು ಇಂಪೆಲ್ಲರ್, ಆ ನೀರಿನ ಪಂಪಿನ ಒಳಗೆ ತಿರುಗೋ ಚಕ್ರ. ಅಂಗೈಯಲ್ಲಿ ಮುಚ್ಚಿಹೋಗೋ ಅಷ್ಟು ಕಪ್ಪು ರಬ್ಬರ್, ಸುತ್ತ ಆರು ರೆಕ್ಕೆ. ಇದು ತಿರುಗಿದ್ರೇ ನೀರು ಒಳಗೆ ಬರೋದು, ಆದ್ರೆ ನೀರಿಲ್ದೆ ಒಣಗಿ ತಿರುಗಿದ್ರೆ ಸುಟ್ಟು ಹರಿದುಹೋಗತ್ತೆ. ಹೊರಗೆ ತೆಗೆದಾಗ ಎರಡೇ ರೆಕ್ಕೆ ಇತ್ತು. ಮಾವ ಮಲಯಾಳಂ ಪೇಪರ್ ಹರಡಿ ಒಂದೊಂದೇ ತುಂಡು ಜೋಡಿಸಿದ್ರು, ಮೂರು ಸಿಕ್ತು, ಒಂದು ಇಲ್ಲ. ಹೋಗ್ಲಿ ಬಿಡಿ ಮಾವ ರಬ್ಬರ್ ಚೂರು ತಾನೆ ಅಂದ್ರು ಯಜಮಾನ್ರು, ಮಾವ ಕನ್ನಡಕದ ಮೇಲಿಂದ ಒಂದು ನೋಟ ನೋಡಿದ್ರು. ಆ ಚೂರು ಮುಂದೆ ಹೋಗಿ ಸಣ್ಣ ಕೊಳವೇಲಿ ಕೂತ್ರೆ ಹೊಸ ಇಂಪೆಲ್ಲರ್ ಹಾಕಿದ್ರೂ ನೀರು ಹೋಗಲ್ಲ, ಮತ್ತೆ ಬಿಸಿ. ಪೈಪ್ ಬಿಚ್ಚಿ, ಬೆಂಡ್ ಬಿಚ್ಚಿ, ಟಾರ್ಚ್ ಹಾಕಿ ನೋಡಿದ್ರೆ ಒಳಗೆ ಮೂಲೇಲಿ ಅಂಟ್ಕೊಂಡು ಕೂತಿದೆ. ಈ ಕ್ಲೋಸಪ್ಪಲ್ಲಿ ಕಾಣ್ತಿರೋದು ನನ್ನ ಹುಬ್ಬು ಕೀಳೋ ಟ್ವೀಜರ್. ಅದನ್ನ ಮತ್ತೆ ಹುಬ್ಬಿಗೆ ಬಳಸಿಲ್ಲ, ಕೇಳ್ಬೇಡಿ.

ಸ್ಪೇರ್ ಇಟ್ಕೊಂಡಿರಲ್ವಾ ಚೀಫ್ ಇಂಜಿನಿಯರ್ ಅಂತೀರ. ಇಟ್ಕೊಂಡಿದ್ರು, ಅದನ್ನ ಮುಂಚೆ ಮಲ್ಪೇಲೇ ಹಾಕಿ ಆಗಿತ್ತು. ಕೊಚ್ಚೀಲಿ ಒಂದು ಅಂಗಡೀಲಿ ಒರಿಜಿನಲ್ ಇತ್ತು, 4,200 ರೂಪಾಯಿ. ರಬ್ಬರ್‌ಗೆ! ರಬ್ಬರ್ ಬೆಳೆಯೋ ರಾಜ್ಯದಲ್ಲೇ! ಯಜಮಾನ್ರಿಗೆ ಮೈ ಉರಿದುಹೋಯ್ತು. "ಜೆಸಿ ರೋಡಲ್ಲಿ ಮುನ್ನೂರು ರೂಪಾಯಿಗೆ ಸಿಗತ್ತೆ" ಅಂತ ಹಟ. ಬೆಂಗಳೂರಲ್ಲಿ ಗಾಡಿ ಪಾರ್ಟ್ಸ್ ಮಾರೋ ರೋಡದು, ಅಲ್ಲಿ ಪರಿಚಯದ ಅಂಗಡಿಗೆ ವಾಟ್ಸಾಪಲ್ಲಿ ಫೋಟೋ, ಆ ಕಡೆಯಿಂದ "ಸ್ಯಾಂಪಲ್ ತಗೊಂಡ್ ಬನ್ನಿ ಸಾರ್". ಸ್ಯಾಂಪಲ್ ಕೊಚ್ಚೀಲಿದೆ ಅಂದ್ರೆ "ಹಂಗಾದ್ರೆ ಅಳತೆ ಕಳಿಸಿ". ಸ್ಕೇಲ್ ಇಟ್ಟು ಫೋಟೋ, ಯಜಮಾನ್ರ ತಮ್ಮ ಅಂಗಡಿಗೆ ಹೋಗಿ ತಗೊಂಡು, ಅದನ್ನ ರಾತ್ರಿ ಎರ್ನಾಕುಲಂ ಬಸ್ಸಲ್ಲಿ ಪಾರ್ಸೆಲ್ ಹಾಕಿ, ಬೆಳಗ್ಗೆ ಇವರು ಆಟೋ ಮಾಡ್ಕೊಂಡು ಹೋಗಿ ಬಿಡಿಸ್ಕೊಂಡು ಬಂದು, ಮಾವನ ಮುಂದೆ ಹೆಮ್ಮೆಯಿಂದ ಇಟ್ರು. 350 ರೂಪಾಯಿ ಇಂಪೆಲ್ಲರ್. ಹೊರಗಿನ ಅಳತೆ ಕರೆಕ್ಟ್. ರೆಕ್ಕೆ ಆರು, ಕರೆಕ್ಟ್. ಮಧ್ಯದ ತೂತು ಮಾತ್ರ ಶಾಫ್ಟಿಗಿಂತ ದೊಡ್ಡದು, ಹಾಕಿದ್ರೆ ಲೊಡಲೊಡ ಅಲ್ಲಾಡತ್ತೆ. ಶಾಫ್ಟ್ ತಿರುಗತ್ತೆ, ಇದು ಕೂತಲ್ಲೇ ಕೂತಿರತ್ತೆ. ಮಾವ ಏನೂ ಅನ್ನಲಿಲ್ಲ. ಪೇಪರ್ ಮಡಚಿ ಇಟ್ಟು, "ಊಟ ಉಂಟಾ?" ಅಂದ್ರು.

ಕೊನೆಗೆ 4,200 ಕೊಟ್ಟೇ ತಂದ್ವಿ. ಬಸ್ ಪಾರ್ಸೆಲ್ಲು, ಆಟೋ, ಮೈದುನನ ಪೆಟ್ರೋಲ್ ಎಲ್ಲ ಸೇರಿಸಿ ಈ ಉಳಿತಾಯಕ್ಕೆ ಎಷ್ಟಾಯ್ತು ಅಂತ ನಾನು ಹೇಳಲ್ಲ, ಸಂಸಾರ ನಡೀಬೇಕು.

ಆ ಬಸ್ ಪಾರ್ಸೆಲ್ಲಿಗೆ ಕಾಯೋ ಹೊತ್ತಲ್ಲಿ ಮರೀನಾ ಪೂರ್ತಿ ಪರಿಚಯ ಆಯ್ತು. ಪಕ್ಕದ ಬೋಟಲ್ಲಿ ವಯಸ್ಸಾದ ವಿದೇಶಿ ಗಂಡ ಹೆಂಡತಿ, ಈಶಾನ್ಯದ ಗಾಳಿ ಸರಿಯಾಗಿ ಕೂತ್ಮೇಲೆ ಅರಬ್ಬೀ ಸಮುದ್ರ ದಾಟಿ ಒಮಾನ್ ಕಡೆ ಹೋಗೋರು. ಅವರ ಹತ್ರ ಇಂಪೆಲ್ಲರ್ ಡಬ್ಬಿನೇ ಇತ್ತು, ಯಾವ್ದೂ ನಮ್ಮ ಪಂಪಿಗೆ ಆಗ್ಲಿಲ್ಲ. ನಮ್ಮ ಚಟ್ನಿಪುಡಿ ಅವರಿಗೆ ಆಯ್ತು, ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಉದುರಿಸ್ಕೊಂಡು ತಿಂದ್ರು. ಮೊದಲನೇ ದಿನ ನಾನು ಡೈರೀಲಿ "ಮರೀನಾ ವೇಸ್ಟು, ಲಂಗರು ಹಾಕಿದ್ರೆ ಫ್ರೀ, ಸೊಳ್ಳೆನೂ ಕಮ್ಮಿ" ಅಂತ ಬರ್ಕೊಂಡಿದ್ದೆ. ಸೊಳ್ಳೆ ವಿಷಯ ಈಗಲೂ ನಿಜ. ಉಳಿದಿದ್ದು ವಾಪಸ್ ತಗೊಂಡೆ. ಇಂಜಿನ್ ಬಿಚ್ಚಿ ಹರಡಿರೋವಾಗ ಬೋಟ್ ಅಲ್ಲಾಡದೆ ನಿಂತಿರೋದು, ರಾತ್ರಿ ಫ್ಯಾನ್ ತಿರುಗೋದು, ಅದಕ್ಕೆ ದುಡ್ಡು ಕೊಡಬಹುದು.

ಮತ್ತೆ ಆ ಬಿಳಿ-ನೀಲಿ ಬೋಟು ವಾಟರ್ ಮೆಟ್ರೋ, 2023ರಲ್ಲಿ ಶುರುವಾಗಿದ್ದು, ಕೊಚ್ಚಿನ್ ಶಿಪ್‌ಯಾರ್ಡಲ್ಲೇ ಕಟ್ಟಿರೋದು, ಬ್ಯಾಟರೀಲಿ ಓಡತ್ತೆ, ಎಸಿ ಇದೆ, ನಾವು ಕೊಟ್ಟಿದ್ದು 20 ರೂಪಾಯಿ. ನಮ್ಮ ಮೆಟ್ರೋ ಟಿಕೆಟ್ 90ರವರೆಗೆ ಏರಿದ್ಮೇಲೆ ಯಾವ ಊರಿಗೆ ಹೋದ್ರೂ ಟಿಕೆಟ್ ರೇಟ್ ಕೇಳೋದು ಒಂದು ಕಾಯಿಲೆ ಆಗಿದೆ ನಂಗೆ. ಇನ್ನೊಂದು ಹೊಟ್ಟೆಕಿಚ್ಚು ಏನಂದ್ರೆ, ಕಾರವಾರದಿಂದ ಮಂಗಳೂರುವರೆಗೆ 300 ಕಿಲೋಮೀಟರ್‌ಗಿಂತ ಜಾಸ್ತಿ ಕರಾವಳಿ ಇಟ್ಕೊಂಡು ನಮ್ಮಲ್ಲಿ ಇಂಥ ಮರೀನಾ ಒಂದಿಲ್ಲ. ಬೈಂದೂರಲ್ಲಿ ಮರೀನಾ ಬರತ್ತೆ ಅಂತ ಪೇಪರಲ್ಲಿ ಓದ್ತಾನೇ ಇದೀವಿ. ಅಲ್ಲೀತನಕ ಮಲ್ಪೇಲಿ ಟ್ರಾಲರ್ ಪಕ್ಕ ಕಟ್ಟಿ, ಬೆಳಗಿನ ಜಾವ ಮೂರು ಗಂಟೆಗೆ "ಬೋಟ್ ತೆಗೀರಿ" ಅಂತ ಎಬ್ಬಿಸಿಕೊಳ್ಳೋದೇ. ಅವರ ತಪ್ಪಲ್ಲ, ಅದು ಮೀನಿನ ಬಂದರು, ಅವರಿಗೆ ಕೆಲಸ ಇರತ್ತೆ.

ಹಾಂ, ಈಗ ಸ್ಟಾರ್ಟ್ ಮಾಡ್ತಿದಾರೆ. ಸೈಲೆನ್ಸರ್ ನೋಡಿ, ಸೈಲೆನ್ಸರ್... ಪಚಕ್! ಬಂತು ನೋಡಿ ನೀರು. ಮಾವ ಚಾ ಲೋಟ ಮತ್ತೆ ತಗೊಂಡ್ರು.

ಮುಂದಿನ ವಿಡಿಯೋ ಆಲಪ್ಪುಳ. ಆ 350 ರೂಪಾಯಿ ಇಂಪೆಲ್ಲರ್ ನಮ್ಮ ಅಡುಗೆಮನೆ ಡ್ರಾಯರಲ್ಲಿದೆ, ಬಿಲ್ ಕಳೆದುಹೋಗಿದೆ, ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದ್ರು. ಆರು ರೆಕ್ಕೆ, ಹೊಚ್ಚ ಹೊಸದು. ಯಾರ ಪಂಪಿಗಾದ್ರೂ ಆಗತ್ತೆ ಅಂದ್ರೆ ಕಾಮೆಂಟ್ ಮಾಡಿ, ಕೊಡ್ತೀನಿ, ಕೊರಿಯರ್ ಚಾರ್ಜ್ ನಿಮ್ದೇ.