ಐಸ್ ಮೇಕರಿನ ಸದ್ದು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಗೆ ಐಸ್ ಮೇಕರ್ ಇರುವ ಫ್ರಿಜ್ಜು ಬಂದ ಎರಡನೆಯ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಲ್ಲಿ ಯಾರೋ ಬೊಗಸೆ ಜಲ್ಲಿ ಸುರಿದಂತೆ ದಡದಡ ಸದ್ದಾಯಿತು. ಟಾರ್ಚು ಹಿಡಿದು ಹೋಗಿ ನೋಡಿದರೆ ಬೆಕ್ಕೂ ಇರಲಿಲ್ಲ, ಉರುಳಿದ ಪಾತ್ರೆಯೂ ಇರಲಿಲ್ಲ. ಫ್ರೀಜರಿನ ಬಾಗಿಲು ತೆಗೆದಾಗ, ಖಾಲಿ ಡಬ್ಬಿಯ ತಳದಲ್ಲಿ ಅರ್ಧಚಂದ್ರಾಕಾರದ ಎಂಟು ಮಂಜುಗಡ್ಡೆಗಳು ಬಿದ್ದಿದ್ದವು. ಡಬ್ಬಿ ತುಂಬುತ್ತ ಬಂದಂತೆ ಆ ಸದ್ದು ತಾನಾಗಿ ಮೆತ್ತಗಾಯಿತು.

ಈ ಯಂತ್ರದ ಸದ್ದುಗಳಿಗೆ ಒಂದು ಕ್ರಮವಿದೆ. ಅಚ್ಚಿನಲ್ಲಿರುವ ನೀರು ಗಟ್ಟಿಯಾಗಿ, ಅಚ್ಚಿನ ಉಷ್ಣತೆ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಟಿಕ್ ಎಂದು ಸ್ವಿಚ್ಚು ಹೊರಳುತ್ತದೆ. ಲೋಹದ ಅಚ್ಚಾದರೆ ಅದರಡಿಯ ಹೀಟರು ಗಡ್ಡೆಯ ಅಂಚನ್ನು ತುಸು ಕರಗಿಸುತ್ತದೆ, ಪ್ಲಾಸ್ಟಿಕ್ ಅಚ್ಚಾದರೆ ಮೋಟಾರು ಅದನ್ನೇ ಕಿರ್ರೆಂದು ತಿರುಚುತ್ತದೆ. ಆಮೇಲೆ ಗಡ್ಡೆಗಳು ಬೀಳುವ ಸದ್ದು. ಅದಾದ ಮೇಲೆ ಫ್ರಿಜ್ಜಿನ ಹಿಂಬದಿಯಲ್ಲಿ ನೀರಿನ ವಾಲ್ವು ಏಳೆಂಟು ಸೆಕೆಂಡು ಗುಂಯ್ಗುಡುತ್ತದೆ, ಜೊತೆಗೇ ಅಚ್ಚಿಗೆ ನೀರು ಜುಳುಜುಳು ಹರಿಯುತ್ತದೆ. ಮುಂದೆ ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಮೌನ. ಬೇಸಿಗೆಯ 30 ಡಿಗ್ರಿಯ ನೀರನ್ನು ಸೊನ್ನೆಗೆ ಇಳಿಸಲು ಕಿಲೋಗೆ 30 ಕಿಲೋಕ್ಯಾಲರಿ ಶಾಖ ತೆಗೆದರೆ ಸಾಕು; ಸೊನ್ನೆಯಲ್ಲಿರುವ ಅದೇ ನೀರನ್ನು ಗಡ್ಡೆಯಾಗಿಸಲು ಇನ್ನೂ 80 ತೆಗೆಯಬೇಕು. ಆದ್ದರಿಂದ ತಡವೆಂಬುದು ದೋಷವಲ್ಲ.

ಗಡ್ಡೆ ಬೀಳುವುದು ನಿಂತಾಗ, ಈ ಸರಣಿ ಎಲ್ಲಿ ಕಡಿದಿದೆಯೆಂದು ಕಿವಿಗೊಟ್ಟು ಕೇಳಿ. ಟಿಕ್ಕೂ ಇಲ್ಲ, ಮೋಟಾರೂ ಇಲ್ಲವೆಂದರೆ, ಡಬ್ಬಿಯ ಮೇಲಿನ ತಂತಿಯ ಕೈಯನ್ನು ಯಾರಾದರೂ ಎತ್ತಿಟ್ಟಿದ್ದಾರೆಯೇ ನೋಡಬೇಕು. ಅದು ಮೇಲಿದ್ದರೆ ಡಬ್ಬಿ ತುಂಬಿದೆಯೆಂದು ಯಂತ್ರ ಸುಮ್ಮನಿರುತ್ತದೆ. ಫ್ರೀಜರು ಮೈನಸ್ 18ರ ಹತ್ತಿರ ಇದೆಯೇ ಎಂಬುದನ್ನೂ ನೋಡಬೇಕು. ವಾಲ್ವು ಗುಂಯ್ಗುಟ್ಟಿ ನೀರಿನ ಸದ್ದು ಮಾತ್ರ ಬಾರದಿದ್ದರೆ, ಯಂತ್ರ ನೀರು ಕೇಳುತ್ತಿದೆ, ನೀರು ಬರುತ್ತಿಲ್ಲ ಎಂದರ್ಥ. ನಮ್ಮಲ್ಲಿ ಆದದ್ದು ಇದೇ. ರಿಪೇರಿಗೆ ಬಂದವರು ಇಡೀ ಐಸ್ ಮೇಕರನ್ನೇ ಬದಲಿಸಬೇಕೆಂದರು. ಅವರು ಹೋದ ಮೇಲೆ ಫ್ರಿಜ್ಜನ್ನು ಒಂದು ಗೇಣು ಮುಂದಕ್ಕೆ ಎಳೆದು ನೋಡಿದರೆ, ಪೆನ್ಸಿಲ್ ಗಾತ್ರದ ನೀರಿನ ಬಿಳಿ ಕೊಳವೆ ಗೋಡೆಗೆ ಒತ್ತಿ ಮಡಚಿಕೊಂಡಿತ್ತು.

ನಮ್ಮ ಮನೆಗಳಲ್ಲಿ ನೀರಿನ ತೊಂದರೆಗೆ ಬೇರೆ ಮೂಲವೂ ಇದೆ. ನಲ್ಲಿಗೆ ಜೋಡಿಸುವ ಐಸ್ ಮೇಕರುಗಳಲ್ಲಿ ಹಲವು ಕನಿಷ್ಠ 20 ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ 20 ಪೌಂಡು, ಒತ್ತಡ ಬೇಡುತ್ತವೆ. ಟ್ಯಾಂಕು 10 ಮೀಟರು ಎತ್ತರದಲ್ಲಿದ್ದರೆ ಸಿಗುವುದು ಸುಮಾರು 14 ಮಾತ್ರ. ತಾರಸಿಯ ಟ್ಯಾಂಕು ನಲ್ಲಿಗಿಂತ ನಾಲ್ಕು ಮೀಟರು ಮೇಲಿದ್ದರೆ ಆರೂ ಸಿಗದು. ಆಗ ಅಚ್ಚು ಅರೆ ತುಂಬಿ ಗಡ್ಡೆಗಳು ಸಣ್ಣಗೆ, ಟೊಳ್ಳಾಗಿ ಬರುತ್ತವೆ. ಒತ್ತಡ ಸಾಲದ ವಾಲ್ವು ಸರಿಯಾಗಿ ಮುಚ್ಚಿಕೊಳ್ಳದೆ ತೊಟ್ಟಿಕ್ಕುವುದೂ ಉಂಟು. ಆ ಹನಿ ಕೊಳವೆಯ ಬಾಯಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಇಂಥ ಕಡೆ ಸಣ್ಣ ಪಂಪು ಜೋಡಿಸಬೇಕು, ಇಲ್ಲವೇ ಕೈಯಿಂದ ನೀರು ತುಂಬುವ ಮಾದರಿಯನ್ನು ಕೊಳ್ಳಬೇಕು. ನನ್ನ ಮತ ಎರಡನೆಯದಕ್ಕೆ. ಬೋರ್‌ವೆಲ್ಲಿನ ಗಡಸು ನೀರಾದರೆ ವಾಲ್ವಿನ ಜಾಲರಿಯಲ್ಲಿ, ಬಿಸಿನೀರಿನ ಹಂಡೆಯಲ್ಲಿ ಕಟ್ಟುವಂಥದೇ ಬಿಳಿ ಸುಣ್ಣ ಕಟ್ಟುತ್ತದೆ.

ಫ್ರೀಜರಿನೊಳಗೆ ಆಗಾಗ ಚುರ್ರೆಂದರೆ, ಹಿಮ ಕರಗಿದ ಹನಿ, ಕಟ್ಟಿದ ಹಿಮವನ್ನು ಕರಗಿಸುವ ಡಿಫ್ರಾಸ್ಟ್ ಹೀಟರಿನ ಮೇಲೆ ಬಿತ್ತೆಂದು ತಿಳಿಯಿರಿ. ಬಾಗಿಲು ಮುಚ್ಚಿದಾಗ ಕರಕರ ಸದ್ದು ಬಂದು, ತೆರೆದೊಡನೆ ನಿಂತರೆ ಮಾತ್ರ ಅನುಮಾನಿಸಬೇಕು. ಬಾಗಿಲು ತೆರೆದಾಗ ಹಲವು ಫ್ರಿಜ್ಜುಗಳಲ್ಲಿ ಫ್ಯಾನು ನಿಲ್ಲುತ್ತದೆ; ಅದರ ರೆಕ್ಕೆ ಕಟ್ಟಿಕೊಂಡ ಮಂಜಿಗೆ ತಾಗುತ್ತಿರಬಹುದು. ಪ್ಲಗ್ಗು ಕಿತ್ತು, ಫ್ರೀಜರು ಖಾಲಿ ಮಾಡಿ, ಕೆಳಗೆ ಹಳೆಯ ಪಂಚೆ ಹಾಸಿ ಇಡೀ ರಾತ್ರಿ ಬಾಗಿಲು ತೆರೆದಿಡಿ. ಮಂಜು ಬೇಗ ಹೋಗಲೆಂದು ಚಾಕು ಹಾಕಿ ಕೆತ್ತಬೇಡಿ. ಇಂದಿನ ಹೆಚ್ಚಿನ ಮನೆಬಳಕೆಯ ಫ್ರಿಜ್ಜುಗಳ ತಂಪು ಮಾಡುವ ಕೊಳವೆಯಲ್ಲಿರುವ ಐಸೊಬ್ಯುಟೇನ್ ಹೊತ್ತಿಕೊಳ್ಳುವ ಅನಿಲ, ಆ ಕೊಳವೆ ಮಂಜಿನ ಹಿಂದೆಯೇ ಇರುತ್ತದೆ.