ಅಳಿವೆ ದಾಟಿದ ಮೇಲಿನ ಗಾಳಿ

ಅಧ್ಯಕ್ಷರೇ, ಬೈತಖೋಲ, ಕೋಡಿಬಾಗ, ಮಾಜಾಳಿಗಳಿಂದ ಬಂದಿರುವ ಮೀನುಗಾರ ಬಂಧುಗಳೇ,

ನಾಲ್ಕು ಪುಟ ಬರೆದುಕೊಂಡು ಬಂದಿದ್ದೇನೆ. ಹೇಳಲೇಬೇಕಾದ ಮಾತು ಒಂದೇ. ಗುಡ್ಡಗಳ ಸಂದಿಯಿಂದ ನುಗ್ಗುವ ಗಾಳಿ ಅತ್ಯಂತ ಜೋರಾಗುವುದು ಸಂದಿ ದಾಟಿದ ಮೇಲೆ.

ನನ್ನ ಸೋದರಮಾವ ಹಾಯಿದೋಣಿಯವರು. ಚಳಿಗಾಲದ ಒಂದು ನಸುಕಿನಲ್ಲಿ ನನ್ನನ್ನೂ ಕೂರಿಸಿಕೊಂಡು ಕಾಳಿ ನದಿ ಸಮುದ್ರ ಸೇರುವ ಕಾರವಾರದ ಅಳಿವೆಯಿಂದ ಹೊರಟರು. ನನಗೆ ಆಗ ಹತ್ತು ವರ್ಷ. ಮಡಿಲಲ್ಲಿ ಅಮ್ಮ ಕಟ್ಟಿಕೊಟ್ಟ ದೋಸೆಯ ಗಂಟು. ಎಡಕ್ಕೆ ಕೋಡಿಬಾಗ, ಬಲಕ್ಕೆ ಸದಾಶಿವಗಡ, ಬೆನ್ನಿಗೆ ಮೂಡಗಾಳಿ. ಗುಡ್ಡದ ಬುಡದಲ್ಲಿ ಹಾಯಿ ಉಬ್ಬಿದಾಗ ಚಪ್ಪಾಳೆ ತಟ್ಟಿದೆ. ಗುಡ್ಡ ಹಿಂದೆ ಸರಿಯಿತು, ಎದುರಿಗೆ ಬಯಲು ಸಮುದ್ರ. ಇನ್ನು ಗಾಳಿ ಸಡಿಲವಾಗುತ್ತದೆ ಎಂದುಕೊಂಡೆ. ಮಾವ ಆಗಲೇ ಎದ್ದು ಹಾಯಿಯನ್ನು ಅರ್ಧಕ್ಕೆ ಇಳಿಸುತ್ತಿದ್ದರು. ‘ಯಾಕೆ ಮಾವ?’ ಎಂದೆ. ‘ಈಗ ಬರುತ್ತದೆ, ನೋಡು’ ಎಂದರು. ಬಂತು. ದೋಸೆಯ ಗಂಟು ಸಮುದ್ರರಾಜನಿಗೆ ನೈವೇದ್ಯವಾಯಿತು. ನಮ್ಮ ಮನೆಯಲ್ಲಿ ದೋಸೆ ಹುಯ್ಯುವಾಗೆಲ್ಲ ಆ ಕಥೆ ಇಂದಿಗೂ ಏಳುತ್ತದೆ.

ಕೊಳವೆ ಕಿರಿದಾದರೆ ನೀರು ಜೋರಾಗುತ್ತದೆ ಎಂದು ನಾನೇ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಗಾಳಿಯ ವಿಷಯದಲ್ಲಿ ಅದು ಅರ್ಧ ಸತ್ಯ. ಸಂದಿ ದಾರಿ ಕೊಡುತ್ತದೆ, ತಳ್ಳುವುದು ಒತ್ತಡದ ವ್ಯತ್ಯಾಸ. ರಾತ್ರಿ ಒಳನಾಡು ತಣಿದು ಅಲ್ಲಿನ ಗಾಳಿ ಭಾರವಾಗುತ್ತದೆ, ಸಮುದ್ರದ ಮೇಲಿನದು ಬೆಚ್ಚಗೆ ಹಗುರವಾಗಿರುತ್ತದೆ. ಒತ್ತಡ ಅಳೆಯುವ ಲೆಕ್ಕದಲ್ಲಿ ಆ ವ್ಯತ್ಯಾಸ ಒಂದೇ ಮಿಲಿಬಾರ್ ಇರಲಿ. ಎಂಟೊಂಬತ್ತು ಮೀಟರ್ ಮೇಲೇರಿದರೆ ಕಡಿಮೆಯಾಗುವುದೂ ಅಷ್ಟೇ. ನೆಲದ ತಡೆ ಇಲ್ಲದಿದ್ದರೆ ಅಷ್ಟೇ ಸಾಕು, ನಿಂತ ಗಾಳಿ ಗಂಟೆಗೆ ಸುಮಾರು 46 ಕಿಲೋಮೀಟರ್ ವೇಗಕ್ಕೆ ಏರುತ್ತದೆ!

ಕದ್ರಾ ಅಣೆಕಟ್ಟಿನ ಬಾಗಿಲು ತೆಗೆದಾಗ ನೋಡಿದ್ದೀರಿ. ಹಿಂದೆ ನೀರು ಆಳವಾಗಿ, ಗಂಭೀರವಾಗಿ ನಿಂತಿರುತ್ತದೆ. ಬಾಗಿಲಿನಿಂದ ಹೊರಬಿದ್ದ ಮೇಲೆ ತೆಳುವಾಗಿ, ಹುಚ್ಚೆದ್ದು ಓಡುತ್ತದೆ. ತಣ್ಣನೆಯ ಗಾಳಿಯೂ ಹಾಗೆಯೇ. ಬಾಯಿ ದಾಟಿ ಹರಡಿಕೊಂಡಾಗ ಅದರ ಪದರ ತೆಳುವಾಗುತ್ತದೆ, ಮುಂದಿನ ಒತ್ತಡ ಇನ್ನೂ ಇಳಿಯುತ್ತದೆ, ಓಟ ಹೆಚ್ಚುತ್ತದೆ. ಮೇಲಾಗಿ ನೀರಿನ ಮೇಲೆ ಮರ, ಮನೆ, ಬಂಡೆಗಳ ತಡೆಯಿಲ್ಲ. ಮಾವ ಹಾಯಿ ಇಳಿಸಿದ್ದು ಇದೇ ಕಾರಣಕ್ಕೆ.

ಮೆಕ್ಸಿಕೋದ ತೆಹುವಾಂಟೆಪೆಕ್‌ನಲ್ಲಿ ಇದರ ವಿಶ್ವರೂಪ ಕಾಣುತ್ತದೆ. ಚಳಿಗಾಲದಲ್ಲಿ ಅಲ್ಲಿನ ಕಣಿವೆಯಿಂದ ಹೊರಬಿದ್ದ ಗಾಳಿ ಪೆಸಿಫಿಕ್ ಸಾಗರದೊಳಗೆ ನೂರಾರು ಕಿಲೋಮೀಟರ್ ಹೋಗುತ್ತದೆ. ಮೇಲಿನ ನೀರನ್ನು ಕಲಕಿ ಆಳದ ತಣ್ಣೀರನ್ನು ಮೇಲೆತ್ತುತ್ತದೆ. ನಮ್ಮ ಘಟ್ಟದಲ್ಲೇ ಪಾಲಕ್ಕಾಡಿನ ಸಂದಿ ಇದೆ, ಸುಮಾರು 30 ಕಿಲೋಮೀಟರ್ ಅಗಲ. ಮುಂಗಾರಿನ ಗಾಳಿ ಪಡುವಣದಿಂದ ಅದರೊಳಗೆ ನುಗ್ಗುತ್ತದೆ. ಪಲ್ಲಡಂ, ಉಡುಮಲಪೇಟೆಗಳ ಗಾಳಿಯಂತ್ರಗಳ ಸಾಲು ಎಲ್ಲಿದೆ? ಸಂದಿ ದಾಟಿದ ಮೇಲಿನ ಬಯಲಿನಲ್ಲಿ. ಮತ್ತೆ ಅದೇ ಮಾತು!

ಚೀಟಿ ಬಂದಿದೆ, ಐದೇ ನಿಮಿಷವಂತೆ. ದೇವಿಮನೆ ಘಟ್ಟದ ಗಾಳಿಯನ್ನು ಶಿರಸಿಯವರು ಕರೆದಾಗ ಹೇಳುತ್ತೇನೆ. ಅಘನಾಶಿನಿಯನ್ನೂ ಬಿಡುತ್ತೇನೆ. ಒಂದು ಒತ್ತಾಯವನ್ನು ಮಾತ್ರ ಬಿಡಲಾರೆ. ಪೇಟೆಯ ಕಟ್ಟಡಗಳ ಮರೆಯಲ್ಲಿ ಅಳೆದ ಗಾಳಿಯನ್ನು ನಂಬಿ ದೋಣಿ ಬಿಡಬಾರದು. ಅಳೆಯುವುದಾದರೆ ಅಳಿವೆಯ ಹೊರಗೆ, ದೀಪಸ್ತಂಭವಿರುವ ದೇವಗಡ ದ್ವೀಪದ ಕಡೆ ಅಳೆಯಬೇಕು, ಆ ಲೆಕ್ಕ ನಸುಕಿಗೆ ಮುಂಚೆ ನಿಮ್ಮ ಮೊಬೈಲಿಗೆ ಬರಬೇಕು. ಮನವಿ ಪತ್ರ ಬಾಗಿಲ ಬಳಿಯ ಮೇಜಿನ ಮೇಲಿದೆ, ಸಹಿ ಹಾಕಿ ಹೋಗಿ.